ಶಾಲೆಯ ಅಂಗಳದಲ್ಲಿ ತಾಲೀಮು

(ಮದಕರಿಪುರದಲ್ಲಿ ನಡೆದ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)





ನನಗೆ ಮಾತನಾಡಲು ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. ನನ್ನ ಮಾತು ಮುಗಿದ ಮೇಲೆ ಕಾರ್ಯಸೂಚಿಯಲ್ಲಿರುವ ಒಂದು ವಿಷಯ ಚರ್ಚೆಗೆ ಬರಲಿದೆ. ನಮ್ಮ ಶಾಲೆಗೆ ಮಲ್ಟಿ ಜಿಮ್ ಎಂಬ ಯಂತ್ರವನ್ನು ಕೊಳ್ಳಬೇಕೇ ಬೇಡವೇ ಎಂಬುದು ಆ ವಿಷಯ. ನಾನು ಬೇಡ ಎನ್ನುವ ಪಕ್ಷದವನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ "ಮಾಸ್ಟರು ಆರೋಗ್ಯದ ಬಗ್ಗೆ ಹೇಳುತ್ತೇನೆಂದು ಬಂದು ಬಜೆಟ್ಟಿನ ಬಗ್ಗೆ ಹೇಳಿದರು" ಎಂದು ನೀವು ಬೇಸರ ಮಾಡಿಕೊಳ್ಳಬಹುದು. ಎರಡರ ಬಗ್ಗೆಯೂ ಹೇಳುತ್ತೇನೆ.

ನಾನು ಪಾಠ ಮಾಡುವುದು ಭಾಷೆಯನ್ನು. ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವವನಾದ್ದರಿಂದ ಶಬ್ದಗಳ ಜಾಡು ಹಿಡಿದು ಹೋಗುವ ಚಟವಿದೆ. 'ತಾಲೀಮ್' ಎಂದರೆ ಉರ್ದುವಿನಲ್ಲಿ ಶಿಕ್ಷಣ. ನಮ್ಮ ಸಂಘ ತಾಲೀಮಿ ಸಂಘ. ಅದೇ ಶಬ್ದ ಕನ್ನಡಕ್ಕೆ ಬಂದು 'ತಾಲೀಮು' ಆದಾಗ ಅದರ ಅರ್ಥ ಕಸರತ್ತು ಎಂದಾಯಿತು. ನಾಟಕದವರು ತಾಲೀಮು ನಡೆಸುತ್ತಾರೆ, ಪೈಲ್ವಾನರು ತಾಲೀಮು ಮಾಡುತ್ತಾರೆ. ಇನ್ನು 'ಕಸರತ್ತು' ಎಂಬ ಶಬ್ದವನ್ನು ನೋಡಿ. ಅದರ ಮೂಲ ಅರಬ್ಬಿ. ಅಲ್ಲಿ ಅದಕ್ಕೆ ಹೆಚ್ಚಳ, ಬಾಹುಳ್ಯ ಎಂಬ ಅರ್ಥ. ಉರ್ದುವಿನಲ್ಲಿ ಒಂದು ಕೆಲಸವನ್ನು ಕಸರತ್‌ನಿಂದ ಮಾಡುವುದೆಂದರೆ ಮತ್ತೆ ಮತ್ತೆ, ಹೆಚ್ಚು ಸಲ ಮಾಡುವುದು. ವ್ಯಾಯಾಮಕ್ಕೆ ಆ ಹೆಸರು ಬಂದದ್ದು ಹಾಗೆ. ಈಗ ಪತ್ರಿಕೆಗಳಲ್ಲಿ ಮಂತ್ರಿ ಪದವಿಗೆ ನಡೆಸುವ ಓಡಾಟವನ್ನೂ ಕಸರತ್ತು ಎಂದೇ ಬರೆಯುತ್ತಾರೆ. ಆ ಕಸರತ್ತಿನಿಂದ ಯಾರ ದೇಹವೂ ಗಟ್ಟಿಯಾದಂತೆ ಕಾಣುವುದಿಲ್ಲ. 'ಪೈಲ್ವಾನ್', 'ಕುಸ್ತಿ', 'ಉಸ್ತಾದ್' ಮೂರೂ ಪಾರ್ಸಿಯಿಂದ ಬಂದವು. ಕರ್ನಾಟಕದ ಗರಡಿ ಮನೆಗಳಲ್ಲಿ ಗುರುವನ್ನು ಜಾತಿ ಧರ್ಮ ನೋಡದೆ ಇವತ್ತಿಗೂ ಉಸ್ತಾದ್ ಅಥವಾ ವಸ್ತಾದ ಎನ್ನುತ್ತಾರೆ.

ನಮ್ಮ ಚಿತ್ರದುರ್ಗಕ್ಕೆ ಇದು ಹೊಸದೇನಲ್ಲ. ಕೋಟೆ ನೋಡಲು ಹೋದ ಮಕ್ಕಳಿಗೆ ಗೈಡುಗಳು ಗರಡಿ ಮನೆ ಎಂದು ಒಂದು ಜಾಗವನ್ನು ತೋರಿಸುತ್ತಾರೆ. ಪಕ್ಕದ ದಾವಣಗೆರೆ 1997ರವರೆಗೆ ನಮ್ಮ ಜಿಲ್ಲೆಯದೇ ಊರಾಗಿತ್ತು. ಅಲ್ಲಿಯ ಕುಸ್ತಿಯ ಹೆಸರು ಎಲ್ಲರಿಗೂ ಗೊತ್ತು. ಗರಡಿಯೊಳಗೆ ಏನಿರುತ್ತಿತ್ತು? ಬಗ್ಗಿಯೇ ಒಳಗೆ ಹೋಗಬೇಕಾದ ಸಣ್ಣ ಬಾಗಿಲು, ಹದ ಮಾಡಿದ ಕೆಮ್ಮಣ್ಣಿನ ಮಟ್ಟಿ, ಮರದ ಗದೆಗಳು, ಎತ್ತಲು ಕಲ್ಲು ಗುಂಡುಗಳು, ಹತ್ತಲು ಒಂದು ಹಗ್ಗ. ಅಷ್ಟೇ ಸಾಮಗ್ರಿ. ಹುಡುಗ ಬಂದು ದಂಡ ಹೊಡೆದು, ಬಸ್ಕಿ ಹಾಕಿ, ಗದೆ ತಿರುಗಿಸಿ, ಗುಂಡು ಎತ್ತಿ, ಹಗ್ಗ ಹತ್ತಿ, ಮಟ್ಟಿ ಅಗೆದು, ಮತ್ತೆ ದಂಡಕ್ಕೆ ಬರುತ್ತಿದ್ದ. ಒಂದರ ನಂತರ ಒಂದು, ಸುತ್ತಿನ ಮೇಲೆ ಸುತ್ತು. ಗಾಮಾ ಪೈಲ್ವಾನರ ಹೆಸರನ್ನು ನಮ್ಮ ಅಜ್ಜಂದಿರು ಹೇಳುತ್ತಿದ್ದರು. 1910ರಲ್ಲಿ ಲಂಡನ್ನಿನಲ್ಲಿ ಪೋಲೆಂಡಿನ ಜ್ಬಿಸ್ಕೋ ಎರಡು ಗಂಟೆಗೂ ಹೆಚ್ಚು ಹೊತ್ತು ನೆಲ ಕಚ್ಚಿಕೊಂಡು ಮಲಗಿ ಅವರಿಂದ ತಪ್ಪಿಸಿಕೊಂಡಿದ್ದ. ಅದೇ ಜ್ಬಿಸ್ಕೋನನ್ನು 1928ರಲ್ಲಿ ಪಟಿಯಾಲಾದಲ್ಲಿ ಗಾಮಾ ಒಂದು ನಿಮಿಷದೊಳಗೆ ಚಿತ್ ಮಾಡಿದರು. ಅಂಥವರ ದೇಹವನ್ನು ಕಟ್ಟಿದ್ದು ದಂಡ ಮತ್ತು ಬಸ್ಕಿ.

ಹಾಗೆಂದು ಹಣ ಕೊಟ್ಟು ವ್ಯಾಯಾಮ ಕಲಿಯುವುದು ಇಂದಿನ ಜಿಮ್‌ಗಳಿಂದ ಶುರುವಾಯಿತೆಂದು ತಿಳಿಯಬಾರದು. 1904-05ರಲ್ಲಿ ಯೂಜಿನ್ ಸ್ಯಾಂಡೋ ಎಂಬ ಯುರೋಪಿನ ಬಲಶಾಲಿ ಭಾರತ ಪ್ರವಾಸ ಮಾಡಿದ. ತನ್ನ ದೇಹವನ್ನು ಪ್ರದರ್ಶಿಸಿದ, ಜೊತೆಗೆ ತನ್ನ ಸಲಕರಣೆ ಮತ್ತು ಪಾಠಗಳ ವ್ಯಾಪಾರವನ್ನೂ ಬೆಳೆಸಿಕೊಂಡ. ನಾವು ಅಂಗಡಿಯಲ್ಲಿ ಕೇಳುವ ಸ್ಯಾಂಡೋ ಬನಿಯನ್ನಿನಲ್ಲಿ ಅವನ ಹೆಸರು ಇನ್ನೂ ಉಳಿದಿದೆ. ನಮ್ಮ ಬೆಂಗಳೂರಿನ ಕೆ.ವಿ. ಅಯ್ಯರ್ ಅವರನ್ನು ಕನ್ನಡದ ವಿದ್ಯಾರ್ಥಿಗಳು 'ಶಾಂತಲಾ' ಮತ್ತು 'ರೂಪದರ್ಶಿ' ಕಾದಂಬರಿಗಳ ಲೇಖಕರೆಂದು ಬಲ್ಲರು. ಅವರು ಅದಕ್ಕೂ ಮೊದಲು ದೇಶಕ್ಕೇ ಹೆಸರಾದ ಅಂಗಸಾಧಕರು. 1920 ಮತ್ತು 30ರ ದಶಕಗಳಲ್ಲಿ ವ್ಯಾಯಾಮಶಾಲೆ ನಡೆಸಿದರು, ಅಂಚೆಯ ಮೂಲಕ ವ್ಯಾಯಾಮದ ಪಾಠಗಳನ್ನು ಕಳಿಸಿದರು, ಭಾರ ಎತ್ತುವುದರ ಜೊತೆಗೆ ಆಸನವನ್ನೂ ಸೂರ್ಯನಮಸ್ಕಾರವನ್ನೂ ಸೇರಿಸಿದರು. ಅವರ ಪಾಠಕ್ಕೂ ಶುಲ್ಕವಿತ್ತು. ಕಲಿಸಿದವನಿಗೆ ಶುಲ್ಕ ಕೊಡುವುದರಲ್ಲಿ ತಪ್ಪೇನಿದೆ? ನಾನೂ ಸಂಬಳ ತೆಗೆದುಕೊಂಡೇ ಪಾಠ ಮಾಡುತ್ತೇನೆ. ನನ್ನ ತಕರಾರು ಬೇರೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾನೆ. ತೊಂಬತ್ತು ದಿನಗಳಲ್ಲಿ ದೇಹವನ್ನೇ ಬದಲಿಸುತ್ತೇವೆಂಬ ಒಂದು ಪ್ಯಾಕೇಜಿಗೆ ಅವನು ಸೇರಿಕೊಂಡ. ಮುಂಗಡವಾಗಿ ಕಟ್ಟಿದ್ದು ಸಾಲದ ಹಣ. ಹದಿನೈದು ದಿನಕ್ಕೆ ಒಂದು ಡಬ್ಬಿ ಪುಡಿ ಕೊಳ್ಳಬೇಕೆಂದರು. ಅದರ ಬೆಲೆ ಅವನ ಅರ್ಧ ತಿಂಗಳ ಕೂಲಿಗಿಂತ ಹೆಚ್ಚು. ಎರಡನೆಯ ತಿಂಗಳಲ್ಲಿ ಸೂಜಿಯ ಮಾತು ಬಂತು. ಅದು ಯಾವ ಔಷಧ ಎಂದು ಇವನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ದೇವರ ದಯೆ, ಸೂಜಿಯನ್ನು ನೋಡಿ ಹೆದರಿ ನನ್ನ ಹತ್ತಿರ ಬಂದ. ನಾನು ಕರೆದುಕೊಂಡು ಹೋಗಿ ತೋರಿಸಿದ ವೈದ್ಯರು ಅರ್ಧ ಗಂಟೆ ಕೂರಿಸಿಕೊಂಡು ಸ್ಟೀರಾಯ್ಡ್ ಎಂದರೇನು, ಅದು ಯಕೃತ್ತಿಗೆ, ಹೃದಯಕ್ಕೆ, ಮುಂದೆ ಮಕ್ಕಳಾಗುವ ಶಕ್ತಿಗೆ ಏನು ಮಾಡಬಲ್ಲದು ಎಂದು ತಿಳಿಸಿದರು. ಅವನ ತಮ್ಮ ಈಗ ನಮ್ಮಲ್ಲಿ ಒಂಬತ್ತನೆಯ ತರಗತಿ. ಆ ವರ್ಷ ತಮ್ಮನ ಪುಸ್ತಕದ ಹಣವನ್ನು ಸಂಘವೇ ಭರಿಸಿತು. ಏಕೆ ಭರಿಸಬೇಕಾಯಿತು ಎಂಬುದು ಇಲ್ಲಿರುವ ಪದಾಧಿಕಾರಿಗಳಿಗೆ ಇವತ್ತೇ ಗೊತ್ತಾಗುತ್ತಿರುವುದು.

ಎಲ್ಲಾ ಜಿಮ್‌ಗಳೂ ಹೀಗೆ ಎಂದು ನಾನು ಹೇಳುವುದಿಲ್ಲ. ಒಳ್ಳೆಯ ತರಬೇತುದಾರರಿದ್ದಾರೆ, ಪ್ರಾಮಾಣಿಕವಾಗಿ ನಡೆಸುವವರಿದ್ದಾರೆ. ಆದಾಯ ಇದ್ದವರು ಹೋಗಲಿ. ಆದರೆ ನಮ್ಮ ಮಕ್ಕಳ ಮನಸ್ಸಿನಲ್ಲಿ ಒಂದು ತಪ್ಪು ನಂಬಿಕೆ ಬೇರೂರಿದೆ. ಯಂತ್ರವಿಲ್ಲದೆ, ಪ್ಯಾಕೇಜಿಲ್ಲದೆ, ಪುಡಿಯಿಲ್ಲದೆ ದೇಹ ಗಟ್ಟಿಯಾಗುವುದಿಲ್ಲ ಎಂಬ ನಂಬಿಕೆ. ಅದನ್ನು ಶಾಲೆಯೇ ಒಂದು ಯಂತ್ರ ತಂದಿಟ್ಟು ಗಟ್ಟಿ ಮಾಡಬಾರದು.

ಹಾಗಾದರೆ ಏನು ಮಾಡಬೇಕು? ಇಲ್ಲಿ ನಾನು ಇಂಗ್ಲೆಂಡಿನ ಒಂದು ಉದಾಹರಣೆ ಹೇಳಬೇಕು. 1953ರ ಸುಮಾರಿಗೆ ಲೀಡ್ಸ್ ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣ ವಿಭಾಗದ ಮೋರ್ಗನ್ ಮತ್ತು ಆಡಮ್ಸನ್ ಎಂಬ ಇಬ್ಬರು ಅಧ್ಯಾಪಕರಿಗೆ ನಮ್ಮ ಶಾಲೆಗಳಿಗೆ ಇರುವಂಥದೇ ತೊಂದರೆಯಿತ್ತು. ವಿದ್ಯಾರ್ಥಿಗಳು ಬಹಳ, ಜಾಗ ಒಂದೇ, ಸಮಯ ಕಡಿಮೆ. ಒಬ್ಬೊಬ್ಬನ ಶಕ್ತಿ ಒಂದೊಂದು ಬಗೆ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಂದೇ ಕವಾಯತು ಮಾಡಿಸಿದರೆ ಗಟ್ಟಿಗನಿಗೆ ಅದು ಸಾಲದು, ಸೊರಗಿದವನಿಗೆ ಅದು ಮಿತಿಮೀರುತ್ತದೆ. ಅವರು ಕೋಣೆಯ ಸುತ್ತ ಕೆಲವು ತಾಣಗಳನ್ನು ಗುರುತು ಮಾಡಿ ಪ್ರತಿ ತಾಣದಲ್ಲಿ ಒಂದೊಂದು ವ್ಯಾಯಾಮ ಇಟ್ಟರು. ವಿದ್ಯಾರ್ಥಿಗಳು ಒಂದರಿಂದ ಇನ್ನೊಂದಕ್ಕೆ ಹೋಗುತ್ತಾ ಸುತ್ತು ಹಾಕಬೇಕು. ಇದಕ್ಕೆ ಸರ್ಕಿಟ್ ಟ್ರೇನಿಂಗ್ ಎಂದು ಹೆಸರಾಯಿತು. ನಾನು ಮಕ್ಕಳಿಗೆ 'ಸುತ್ತು ತಾಲೀಮು' ಎನ್ನುತ್ತೇನೆ.

ಅವರ ವಿಧಾನದಲ್ಲಿ ಶಿಕ್ಷಕನಾದ ನನಗೆ ಬಹಳ ಇಷ್ಟವಾದ ಒಂದು ಅಂಶವಿದೆ. ಮೊದಲ ದಿನ ಪ್ರತಿಯೊಬ್ಬನೂ ಪ್ರತಿ ವ್ಯಾಯಾಮವನ್ನು ತನ್ನಿಂದ ಎಷ್ಟು ಸಲ ಸಾಧ್ಯವೋ ಅಷ್ಟು ಸಲ ಮಾಡಿ ಬರೆದುಕೊಳ್ಳುತ್ತಾನೆ. ಅದರ ಅರ್ಧ ಅವನ ಪಾಲು. ಒಂದು ನಿಮಿಷದಲ್ಲಿ ಮೂವತ್ತು ಬಸ್ಕಿ ಹಾಕಿದವನಿಗೆ ಹದಿನೈದು, ಹನ್ನೆರಡು ಹಾಕಿದವನಿಗೆ ಆರು. ಅಷ್ಟನ್ನೇ ಮೂರು ಸುತ್ತು ಮಾಡಬೇಕು. ಆರು ಹಾಕುವವನೂ ಹದಿನೈದು ಹಾಕುವವನೂ ಅಕ್ಕಪಕ್ಕ ನಿಂತು, ಇಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ ಸಮನಾಗಿ ದುಡಿಯುತ್ತಾರೆ. ಇಬ್ಬರಲ್ಲಿ ಯಾರಿಗೂ ನಾಚಿಕೆಯಿಲ್ಲ. ಬಲವುಳ್ಳ ಮೋಮಿನ್ ಅಲ್ಲಾಹನಿಗೆ ಹೆಚ್ಚು ಪ್ರಿಯ ಎಂಬ ಅರ್ಥದ ಹದೀಸನ್ನು ಜಿಮ್ಮಿನ ಹುಡುಗರು ಮೊಬೈಲಿನಲ್ಲಿ ಹಂಚುತ್ತಿರುತ್ತಾರೆ. ಸಹೀಹ್ ಮುಸ್ಲಿಮ್‌ನಲ್ಲಿರುವ ಆ ಹದೀಸಿನಲ್ಲಿ ಇಬ್ಬರಲ್ಲೂ ಒಳಿತಿದೆ ಎಂಬ ಮಾತೂ ಅದರ ಜೊತೆಯಲ್ಲೇ ಬರುತ್ತದೆ. ಹಂಚುವವರು ಅದನ್ನು ಬಿಟ್ಟುಬಿಡುತ್ತಾರೆ.

ಸುತ್ತಿನ ಕ್ರಮದಲ್ಲಿಯೇ ಅದರ ಗುಟ್ಟಿದೆ. ಕಾಲಿನ ಕೆಲಸವಾದ ಮೇಲೆ ಕೈಯದು, ಕೈಯದಾದ ಮೇಲೆ ಬೆನ್ನಿನದು. ಕೈ ದುಡಿಯುವಾಗ ಕಾಲಿಗೆ ಬಿಡುವು ಸಿಗುತ್ತದೆ. ಆದರೆ ಹೃದಯಕ್ಕೂ ಶ್ವಾಸಕೋಶಕ್ಕೂ ಪೂರ್ತಿ ಬಿಡುವು ಸಿಗುವುದಿಲ್ಲ, ಅವು ನಡೆಯುತ್ತಲೇ ಇರುತ್ತವೆ. ಹೀಗೆ ಒಂದೇ ಪೀರಿಯಡ್ಡಿನಲ್ಲಿ ಸ್ನಾಯುವಿಗೂ ಉಸಿರಿಗೂ ಎರಡಕ್ಕೂ ಅಭ್ಯಾಸವಾಗುತ್ತದೆ. ಇದರ ಮಿತಿಯನ್ನೂ ಹೇಳಬೇಕು. ತುಂಬಾ ದೊಡ್ಡ ಭಾರವನ್ನು ಎತ್ತಬೇಕು, ಸ್ಪರ್ಧೆಗೆ ಹೋಗಬೇಕು ಎನ್ನುವವರಿಗೆ ಇದು ಸಾಲದು. ಅವರು ಭಾರ ಹೆಚ್ಚಿಸಿ, ನಡುವೆ ದೀರ್ಘ ವಿಶ್ರಾಂತಿ ತೆಗೆದುಕೊಂಡು, ಬಲ್ಲವರ ಕಣ್ಣೆದುರಿನಲ್ಲಿ ಮಾಡಬೇಕು. ಸಿನಿಮಾ ನಟರ ಹೊಟ್ಟೆಯ ಮೇಲೆ ಕಾಣುವ ಆರು ಗಂಟುಗಳನ್ನೂ ನಾನು ಭರವಸೆ ಕೊಡಲಾರೆ. ಒಂಬತ್ತನೆಯ ತರಗತಿಯ ಹುಡುಗ ಏದುಸಿರಿಲ್ಲದೆ ಕೋಟೆಯ ಮೆಟ್ಟಿಲು ಹತ್ತಬೇಕು, ಬೆಂಚಿನ ಮೇಲೆ ನೆಟ್ಟಗೆ ಕೂರಬೇಕು ಎನ್ನುವವರಿಗೆ ಇದು ಸಾಕು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿ ಕೇಳುವುದೂ ಇಂಥದನ್ನೇ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷದ ಚಟುವಟಿಕೆ, ವಾರದಲ್ಲಿ ಕನಿಷ್ಠ ಮೂರು ದಿನ ಸ್ನಾಯು ಮತ್ತು ಮೂಳೆಗೆ ಬಲ ಕೊಡುವ ವ್ಯಾಯಾಮ. ನನ್ನಂಥ ದೊಡ್ಡವರಿಗೆ ವಾರದಲ್ಲಿ ಎರಡು ದಿನವಾದರೂ ಅದು ಬೇಕು. ವೇದಿಕೆಯ ಮೇಲಿರುವ ಹಿರಿಯರಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ನುಂಗದವರು ಎಷ್ಟು ಮಂದಿ ಎಂದು ನಾನು ಕೇಳುವುದಿಲ್ಲ. ರಕ್ತದಲ್ಲಿರುವ ಸಕ್ಕರೆಯನ್ನು ಹೀರಿಕೊಳ್ಳುವ ದೊಡ್ಡ ಅಂಗ ಸ್ನಾಯುವೇ ಎಂಬುದನ್ನು ಮಾತ್ರ ನೆನಪಿಸುತ್ತೇನೆ.

ಈಗ ನನ್ನದೇ ತಪ್ಪಿನ ವಿಷಯ ಹೇಳಬೇಕು. ನಾನು ಇದನ್ನು ಓದಿ ಉತ್ಸಾಹದಿಂದ ಶುರು ಮಾಡಿದೆ. ಸಿಮೆಂಟಿನ ಖಾಲಿ ಚೀಲಗಳನ್ನು ತೊಳೆದು, ಒಳಗೆ ಪ್ಲಾಸ್ಟಿಕ್ ಕವರಿನಲ್ಲಿ ಮರಳು ತುಂಬಿ, ಬಾಯಿ ಹೊಲಿಸಿ ಆರು ಚೀಲ ಮಾಡಿದೆ. ಮೂರನೆಯ ದಿನ ಹುಡುಗರ ಗಲಾಟೆಗೆ ಒಪ್ಪಿ, ಯಾರು ಹೆಚ್ಚು ಎತ್ತುತ್ತಾರೆಂದು ಪಂದ್ಯ ಇಟ್ಟೆ. ಹತ್ತನೆಯ ತರಗತಿಯ ಒಬ್ಬ ಹುಡುಗ ಎರಡು ಚೀಲವನ್ನು ಒಟ್ಟಿಗೆ ಎತ್ತಲು ಹೋಗಿ ಸೊಂಟ ಹಿಡಿದುಕೊಂಡು ಕುಳಿತ. ಮೂರು ದಿನ ಶಾಲೆಗೆ ಬರಲಿಲ್ಲ. ನಾಲ್ಕನೆಯ ದಿನ ಅವನ ತಂದೆ ಬಂದರು. ಅವರು ಮಂಡಿಯಲ್ಲಿ ಹಮಾಲಿ ಮಾಡುವವರು. ಜೋರಾಗಿ ಮಾತಾಡಲಿಲ್ಲ. ಅಂಗಳದಲ್ಲಿ ಬಿದ್ದಿದ್ದ ಚೀಲಗಳನ್ನು ನೋಡಿ, "ಮಾಸ್ಟರ್ ಸಾಹೇಬ್ರೇ, ನನ್ನ ಮಗ ಮೂಟೆ ಹೊರೋದು ಬೇಡಾಂತ ತಾನೇ ನಿಮ್ಮ ಹತ್ರ ಕಳಿಸಿದ್ದು? ನೀವೂ ಮೂಟೆನೇ ಹೊರಿಸ್ತೀರಲ್ಲ?" ಎಂದರು.

ನನ್ನ ಬಳಿ ಉತ್ತರವಿರಲಿಲ್ಲ. ಬಿ.ಎಡ್.ನಲ್ಲಿ ಕಲಿತ ಮನಶ್ಶಾಸ್ತ್ರ ಯಾವುದೂ ಆ ಹೊತ್ತಿಗೆ ನೆನಪಾಗಲಿಲ್ಲ. ಚಹಾ ತರಿಸಿ ಕೂರಿಸಿದೆ. ತಪ್ಪು ನನ್ನದೇ ಎಂದೆ. ಆಮೇಲೆ ಹುಡುಗ ಚೀಲ ಎತ್ತಿದ್ದು ಹೇಗೆ ಎಂದು ಅವರು ಕೇಳಿದರು. ನಾನು ತೋರಿಸಿದೆ. ಅವರು ನಕ್ಕುಬಿಟ್ಟರು. "ನಿಮ್ಮನ್ನ ಮಂಡಿಗೆ ಸೇರಿಸ್ಕೊಂಡ್ರೆ ಮಧ್ಯಾಹ್ನಕ್ಕೇ ಮನೆಗೆ ಹೋಗ್ತೀರಿ" ಎಂದು ಎದ್ದು ಬಂದು ಅವರೇ ತೋರಿಸಿದರು. ಕಾಲು ಅಗಲ. ಚೀಲ ಎರಡು ಪಾದಗಳ ನಡುವೆ, ಮೈಗೆ ಹತ್ತಿರ. ಬಗ್ಗುವುದು ಸೊಂಟದಿಂದಲ್ಲ, ಮಂಡಿ ಮಡಿಸಿ ಕೂತು. ಚೀಲವನ್ನು ಎದೆಗೆ ಅಪ್ಪಿಕೊಂಡ ಮೇಲೆ ಕಾಲಿನಿಂದ ಏಳುವುದು. ಭಾರ ಕೈಯಲ್ಲಿದ್ದಾಗ ಸೊಂಟ ತಿರುಚಕೂಡದು. ತಿರುಗಬೇಕಾದರೆ ಪಾದ ಎತ್ತಿ ಇಟ್ಟು ಇಡೀ ಮೈಯನ್ನೇ ತಿರುಗಿಸಬೇಕು. ಇಪ್ಪತ್ತು ವರ್ಷ ದಿನವೂ ಐವತ್ತು ಕೆ.ಜಿ. ಮೂಟೆ ಹೊತ್ತ ಮನುಷ್ಯನ ಆ ಪಾಠ, ನಾನು ಆಮೇಲೆ ಓದಿದ ಪುಸ್ತಕಗಳ ಪಾಠಕ್ಕೆ ಅಕ್ಷರಶಃ ಹೊಂದಿತು.

ಅವರ ಪ್ರಶ್ನೆಗೆ ಉತ್ತರ ಹುಡುಕಲು ಮಾತ್ರ ನನಗೆ ಬಹಳ ದಿನ ಹಿಡಿಯಿತು. ಹಮಾಲಿಯ ಭಾರವನ್ನು ಮಾಲೀಕ ನಿರ್ಧರಿಸುತ್ತಾನೆ, ಲಾರಿ ನಿರ್ಧರಿಸುತ್ತದೆ. ಬೆನ್ನು ನೋಯುತ್ತಿದೆ ಎಂದು ಇವತ್ತು ಇಪ್ಪತ್ತು ಕೆ.ಜಿ. ಸಾಕು ಎನ್ನುವ ಹಕ್ಕು ಅವನಿಗಿಲ್ಲ. ಒಂದೇ ಭುಜ, ಒಂದೇ ಕುತ್ತಿಗೆ, ವರ್ಷಗಟ್ಟಲೆ. ತಾಲೀಮಿನಲ್ಲಿ ಭಾರವನ್ನು ದೇಹ ನಿರ್ಧರಿಸುತ್ತದೆ. ಎಡಕ್ಕೆ ಮಾಡಿದಷ್ಟೇ ಬಲಕ್ಕೆ. ದುಡಿದ ಅಂಗಕ್ಕೆ ಮರುದಿನ ವಿಶ್ರಾಂತಿ. ಒಂದು ಭಾರ ಹಗುರ ಎನಿಸಿದ ಮೇಲೆ ಸ್ವಲ್ಪವೇ ಹೆಚ್ಚಳ. ಚೀಲ ಒಂದೇ ಆದರೂ ಕೆಲಸ ಒಂದೇ ಅಲ್ಲ. ಇದನ್ನು ಆ ತಂದೆಗೆ ಹೇಳಿದಾಗ ಅವರು ತಲೆಯಾಡಿಸಿದರು. ಒಪ್ಪಿದರೋ, ಮಾಸ್ತರನ ಮನಸ್ಸು ನೋಯಿಸಬಾರದೆಂದು ಸುಮ್ಮನಾದರೋ ತಿಳಿಯದು. ಮಗನನ್ನು ಮಾತ್ರ ಮತ್ತೆ ಕಳಿಸಿದರು. ಭಾನುವಾರ ಮಂಡಿಗೆ ರಜೆ ಇದ್ದಾಗ ತಾವೂ ಬಂದು ಕಟ್ಟೆಯ ಮೇಲೆ ಕೂತು ಹುಡುಗರ ಬೆನ್ನು ಬಾಗಿದರೆ ಕೂಗುತ್ತಾರೆ. ಹುಡುಗರು ಅವರನ್ನು ಉಸ್ತಾದ್ ಎನ್ನುತ್ತಾರೆ. ಮೊದಲ ಸಲ ಹಾಗೆ ಕರೆದಾಗ ಅವರು ಹಿಂದೆ ತಿರುಗಿ ಬೇರೆ ಯಾರಾದರೂ ಇದ್ದಾರೆಯೇ ಎಂದು ನೋಡಿದ್ದನ್ನು ನಾನು ಕಂಡಿದ್ದೇನೆ.

ಈಗ ನಡೆಯುತ್ತಿರುವ ಕ್ರಮವನ್ನು ಹೇಳುತ್ತೇನೆ, ಬೇರೆ ಶಾಲೆಯವರೂ ಬಂದಿದ್ದೀರಿ, ಬೇಕಿದ್ದರೆ ಬರೆದುಕೊಳ್ಳಿ. ಅಂಗಳದಲ್ಲಿ ಸುಣ್ಣದಿಂದ ಎಂಟು ತಾಣ. ಮೊದಲನೆಯದು ಚೀಲವನ್ನು ಎದೆಗಪ್ಪಿ ಬಸ್ಕಿ. ಎರಡನೆಯದು ದಂಡ, ನೆಲದ ಮೇಲೆ ಆಗದವರು ಜಗಲಿಯ ಅಂಚಿಗೆ ಕೈಯೂರಿ ಮಾಡಬಹುದು. ಮೂರನೆಯದು ಜಗಲಿ ಹತ್ತಿ ಇಳಿಯುವುದು. ನಾಲ್ಕನೆಯದರಲ್ಲಿ ಮುಂದಕ್ಕೆ ಬಾಗಿ, ಬೆನ್ನು ನೇರವಾಗಿಟ್ಟು, ನೀರಿನ ಕ್ಯಾನನ್ನು ಪಕ್ಕೆಗೆ ಎಳೆದುಕೊಳ್ಳುವುದು; ಬಾವಿಯಿಂದ ನೀರು ಸೇದಿದವರಿಗೆ ಈ ಎಳೆತ ಗೊತ್ತು. ಐದನೆಯದು ನೆಲದಿಂದ ಚೀಲ ಎತ್ತಿ ನಿಂತು ಮತ್ತೆ ನೆಲಕ್ಕಿಡುವುದು. ಉಸ್ತಾದರ ಕಣ್ಣು ಹೆಚ್ಚು ಬೀಳುವುದು ಇಲ್ಲಿ. ಆರನೆಯದು ಒನಕೆಯನ್ನು ಎರಡೂ ಕೈಯಲ್ಲಿ ಹಿಡಿದು ತಲೆಯ ಮೇಲೆ ಎತ್ತುವುದು. ಏಳು, ಎರಡೂ ಕೈಯಲ್ಲಿ ಒಂದೊಂದು ಕ್ಯಾನು ಹಿಡಿದು ನೆಟ್ಟಗೆ ನಡೆಯುವುದು. ಎಂಟು, ಮೊಣಕೈ ಮತ್ತು ಕಾಲ್ಬೆರಳ ಮೇಲೆ ಮೈಯನ್ನು ಹಲಗೆಯಂತೆ ಹಿಡಿದು ನಿಲ್ಲುವುದು. ನಲವತ್ತು ಸೆಕೆಂಡು ಕೆಲಸ, ಇಪ್ಪತ್ತು ಸೆಕೆಂಡಿನಲ್ಲಿ ಮುಂದಿನ ತಾಣ. ನಲವತ್ತು ಸೆಕೆಂಡಿನೊಳಗೆ ತನ್ನ ಪಾಲು ಮುಗಿದವನು ನಿಂತು ಉಸಿರಾಡಲಿ. ಎಂಟು ತಾಣಕ್ಕೆ ಎಂಟು ನಿಮಿಷ. ಮೂರು ಸುತ್ತು, ನಡುವೆ ಎರಡೆರಡು ನಿಮಿಷ ಬಿಡುವು, ಒಟ್ಟು ಇಪ್ಪತ್ತೆಂಟು ನಿಮಿಷ. ಮೊದಲು ಮೈ ಬೆಚ್ಚಗೆ ಮಾಡಿಕೊಳ್ಳಲು, ಕೊನೆಗೆ ಸಡಿಲ ಮಾಡಲು ಉಳಿದ ಹನ್ನೆರಡು. ನಲವತ್ತು ನಿಮಿಷದ ಪೀರಿಯಡ್ ಮುಗಿಯಿತು. ತಾಣಕ್ಕೆ ಮೂವರಂತೆ ಇಪ್ಪತ್ನಾಲ್ಕು ಮಕ್ಕಳು ಒಂದೇ ಸಲಕ್ಕೆ. ತರಗತಿ ದೊಡ್ಡದಿದ್ದರೆ ಅರ್ಧ ಮಂದಿ ಜೊತೆಗಾರನ ಲೆಕ್ಕ ಎಣಿಸುತ್ತಾ ನಿಲ್ಲುತ್ತಾರೆ. ಕೆಲವರಿಗೆ ಎಣಿಸುವುದೇ ಹೆಚ್ಚು ಇಷ್ಟ, ಅವರ ಮೇಲೆ ಕಣ್ಣಿಡಬೇಕು.

ಭಾರದ ಬಗ್ಗೆ ಯಾರೂ ಗಾಬರಿಯಾಗಬೇಕಿಲ್ಲ. ಐದು ಲೀಟರಿನ ಕ್ಯಾನಿಗೆ ನೀರು ತುಂಬಿದರೆ ಐದು ಕೆ.ಜಿ. ಎರಡು ಲೀಟರಿನ ಬಾಟಲಿಗೆ ಒಣ ಮರಳು ತುಂಬಿದರೆ ಮೂರು ಕೆ.ಜಿ. ಮೇಲಾಗುತ್ತದೆ. ನಮ್ಮ ಚೀಲಗಳು ಎಂಟು, ಹನ್ನೆರಡು, ಹದಿನೈದು ಕೆ.ಜಿ.ಯವು. ಮರಳು ಒಣಗಿರಬೇಕು, ಚೀಲ ಮುಕ್ಕಾಲು ಮಾತ್ರ ತುಂಬಿರಬೇಕು, ಆಗ ಹಿಡಿತ ಸಿಗುತ್ತದೆ. ಹನ್ನೆರಡು ಸಲ ಮಾಡಿದರೂ ಬೆನ್ನು ಬಾಗದ ಭಾರ ಸರಿಯಾದ ಭಾರ. ಬೆನ್ನು ಬಾಗಿದರೆ ಆ ಸುತ್ತು ಅಲ್ಲಿಗೇ ನಿಲ್ಲಬೇಕು. ಪಂದ್ಯ ಇಲ್ಲ, ಇದನ್ನು ನಾನು ಬೆಲೆ ತೆತ್ತು ಕಲಿತಿದ್ದೇನೆ. ವಾರಕ್ಕೆ ಮೂರು ದಿನ, ಒಂದು ದಿನ ಬಿಟ್ಟು ಒಂದು ದಿನ. ರಂಜಾನ್ ತಿಂಗಳಲ್ಲಿ ಚೀಲ ಮುಟ್ಟುವುದಿಲ್ಲ. ಬೇಕಾದವರು ಇಫ್ತಾರ್ ಆಗಿ ಸ್ವಲ್ಪ ಹೊತ್ತು ಕಳೆದ ಮೇಲೆ ಹಗುರವಾಗಿ ಒಂದು ಸುತ್ತು ಮಾಡಬಹುದು.

ಒಂದು ಎಚ್ಚರಿಕೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರ್ 46ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಬಹಳಷ್ಟು ತಂದೆತಾಯಿಗಳು ಮಕ್ಕಳಿಗೆ ವ್ಯಾಯಾಮವೇ ಬೇಡ ಎಂದರು. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಕೂತೇ ಇರುವವನ ಹೃದಯಕ್ಕೆ ಅಪಾಯ ಕಡಿಮೆಯೇನಲ್ಲ. ಓಡುವಾಗ ಎದೆ ನೋಯುವವರು, ತಲೆ ಸುತ್ತಿ ಬಿದ್ದವರು, ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲಿ ಹೃದಯದ ತೊಂದರೆಯಿಂದ ತೀರಿಕೊಂಡವರಿದ್ದರೆ ಅಂಥವರು ಮೊದಲು ವೈದ್ಯರಿಗೆ ತೋರಿಸಲೇಬೇಕು. ನಲವತ್ತು ದಾಟಿ ಮೊದಲ ಸಲ ಶುರು ಮಾಡುವವರಿಗೂ ಇದೇ ಮಾತು.

ಪುಡಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಪ್ರಶ್ನೋತ್ತರದಲ್ಲಿ ಹುಡುಗರು ಕೇಳುವುದು ಅದನ್ನೇ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ಹೇಳಿರುವಂತೆ ದೊಡ್ಡವರಿಗೆ ದೇಹತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 0.83 ಗ್ರಾಂ ಒಳ್ಳೆಯ ಪ್ರೋಟೀನು ಬೇಕು. ಅಕ್ಕಿ, ರಾಗಿ ಹೆಚ್ಚಿರುವ ನಮ್ಮ ಊಟಕ್ಕೆ ಒಂದು ಗ್ರಾಂ ಎಂದೇ ಇಟ್ಟುಕೊಳ್ಳೋಣ. 50 ಕೆ.ಜಿ. ಹುಡುಗನಿಗೆ 50 ಗ್ರಾಂ. ಒಂದು ಹಿಡಿ, ಅಂದರೆ 50 ಗ್ರಾಂ ಶೇಂಗಾದಲ್ಲಿ ಹನ್ನೆರಡು ಗ್ರಾಂ. ಎರಡು ಮೊಟ್ಟೆಯಲ್ಲಿ ಹನ್ನೆರಡು. ಹುರುಳಿಯದೋ ತೊಗರಿಯದೋ ಸಾರಿನಲ್ಲಿ ಆರೇಳು, ಮುದ್ದೆಯಲ್ಲಿ ಏಳು, ಅನ್ನದಲ್ಲಿ ಏಳು, ಒಂದು ಲೋಟ ಹಾಲಿನಲ್ಲಿ ಆರು. ಲೆಕ್ಕ ಸರಿಹೋಯಿತು. ಕಸರತ್ತು ಹೆಚ್ಚು ಮಾಡುವವರಿಗೆ ಇನ್ನೂ ಸ್ವಲ್ಪ ಬೇಕಾದರೆ ಇನ್ನೊಂದು ಹಿಡಿ ಶೇಂಗಾ. ಚಳ್ಳಕೆರೆಯ ಎಣ್ಣೆ ಗಿರಣಿಗಳಿರುವ ಜಿಲ್ಲೆಯಲ್ಲಿ ಕೂತು ನಾವು ಪ್ರೋಟೀನಿಗಾಗಿ ಪರದೇಶದ ಡಬ್ಬಿ ಹುಡುಕುವುದು ಸ್ವಲ್ಪ ವಿಚಿತ್ರವೇ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ 2024ರಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ಯೋಜನೆ ಆರಂಭವಾದಾಗ, ಮೊಟ್ಟೆ ಬೇಡವೆಂದು ಬಾಳೆಹಣ್ಣು ಆರಿಸಿಕೊಂಡು ಸಂಜೆ ಜಿಮ್ಮಿನ ಪುಡಿಗೆ ಹಣ ಕೂಡಿಸುತ್ತಿದ್ದ ಹುಡುಗನನ್ನು ನಾನು ನೋಡಿದೆ. ಅವನನ್ನು ಬೈಯಲಿಲ್ಲ. ಡಬ್ಬಿಯ ಹಿಂದಿನ ಅಂಕಿಗಳನ್ನು ಓದಿಸಿ ಮೊಟ್ಟೆಯ ಲೆಕ್ಕ ಮಾಡಿಸಿದೆ. ಅದು ಗಣಿತದ ಪೀರಿಯಡ್ ಆಗಿತ್ತು, ಗಣಿತದ ಮೇಷ್ಟರು ರಜೆಯಲ್ಲಿದ್ದರು.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು ಹೇಳದಿದ್ದರೆ ನನ್ನ ವಾದ ಅರ್ಧವಾಗುತ್ತದೆ. ಮಲ್ಟಿ ಜಿಮ್ ಬಂದರೆ ಅದು ಒಂದು ಕೋಣೆಯಲ್ಲಿ ಕೂರುತ್ತದೆ. ಆ ಕೋಣೆ ಮೊದಲ ವಾರವೇ ಗಂಡುಮಕ್ಕಳದಾಗುತ್ತದೆ, ಇದರಲ್ಲಿ ನನಗೆ ಸಂದೇಹವಿಲ್ಲ. ಚೀಲ ಹಾಗಲ್ಲ. ನಾಲ್ಕು ಚೀಲ ಒಳ ಅಂಗಳಕ್ಕೆ ಹೋದರೆ ಅಲ್ಲಿಯೇ ತಾಲೀಮು. ನಮ್ಮ ಪ್ರವಾದಿಯವರು (ಸ) ಹಜ್ರತ್ ಆಯಿಷಾ (ರ) ಅವರ ಜೊತೆ ಓಟದ ಪಂದ್ಯ ನಡೆಸಿದ್ದು, ಮೊದಲ ಸಲ ಆಯಿಷಾ ಅವರೇ ಗೆದ್ದದ್ದು ಹದೀಸಿನಲ್ಲಿದೆ; ಇದನ್ನು ಕೇಳಿದ ಮೇಲೆಯೂ ಹೆಣ್ಣುಮಕ್ಕಳಿಗೆ ಇದೆಲ್ಲ ಏಕೆ ಎನ್ನುವವರ ಜೊತೆ ನನಗೆ ಹೆಚ್ಚು ಮಾತಿಲ್ಲ. ಒನಕೆಯನ್ನು ತಾಣದಲ್ಲಿ ಇಟ್ಟದ್ದೂ ಅವರೇ. ನಮ್ಮ ಶಿಕ್ಷಕಿಯೊಬ್ಬರು ಮನೆಯ ಅಟ್ಟದ ಮೇಲಿದ್ದುದನ್ನು ತಂದುಕೊಟ್ಟರು. ಚಿತ್ರದುರ್ಗದಲ್ಲಿ ಒನಕೆ ಎಂದ ಕೂಡಲೇ ಓಬವ್ವನ ಹೆಸರು ಬರುತ್ತದೆ. ಅವಳ ಒನಕೆಗೆ ಬಿದ್ದವರು ಹೈದರಾಲಿಯ ಸೈನಿಕರು, ಆದ್ದರಿಂದ ಹಿಂದಿನ ಬೆಂಚಿನ ಹುಡುಗರು ಪಾಠದ ಹೊತ್ತಿಗೆ ನನ್ನ ಮುಖ ನೋಡುತ್ತಾರೆ. ನಾನು ಅವಳ ಪಾಠವನ್ನು ಮೆಚ್ಚಿಯೇ ಮಾಡುತ್ತೇನೆ. ದಿನವೂ ಭತ್ತ ಕುಟ್ಟಿದ ತೋಳು ಅದು. ಬೇರೆ ತಾಲೀಮು ಅವಳಿಗೆ ಇರಲಿಲ್ಲ.

ಕೊನೆಯದಾಗಿ ಹಣದ ಮಾತು. ಮಲ್ಟಿ ಜಿಮ್ಮಿನ ಕೊಟೇಷನ್ ಕಾರ್ಯದರ್ಶಿಗಳ ಕಡತದಲ್ಲಿದೆ, ನೀವೇ ನೋಡುತ್ತೀರಿ. ಅದರಲ್ಲಿ ಒಂದು ಸಲಕ್ಕೆ ನಾಲ್ವರೋ ಆರು ಮಂದಿಯೋ ಕೂರಬಹುದು. ತಂತಿ ತುಂಡಾದರೆ ರಿಪೇರಿಗೆ ಬೆಂಗಳೂರಿನಿಂದ ಜನ ಬರಬೇಕು. ನಮ್ಮ ಚೀಲಗಳಿಗೆ ಖರ್ಚಾದದ್ದು ಹೊಲಿಗೆಯ ದಾರ, ಕ್ಯಾನುಗಳು, ಸುಣ್ಣ ಮತ್ತು ಒಂದು ಸೀಟಿ. ಉಳಿಯುವ ಹಣದಲ್ಲಿ ಹತ್ತನೆಯ ತರಗತಿಯ ಎಷ್ಟು ಮಕ್ಕಳ ಪರೀಕ್ಷಾ ಶುಲ್ಕ ಕಟ್ಟಬಹುದು ಎಂಬ ಪಟ್ಟಿಯನ್ನು ನಾನು ಬರೆದು ಅಧ್ಯಕ್ಷರ ಮುಂದೆ ಇಟ್ಟಿದ್ದೇನೆ. ಆದರೆ ಜಿಮ್‌ನವರಿಂದ ಒಂದನ್ನು ನಾವು ಕಲಿಯಬೇಕು. ಅವರಲ್ಲಿ ಹೊತ್ತು ನಿಗದಿ ಇದೆ, ಹಾಜರಿ ಇದೆ, ಜೊತೆಗಾರರಿದ್ದಾರೆ. ಮನೆಯಲ್ಲಿ ಒಬ್ಬನೇ ಮಾಡುವವನು ಎಂಟನೆಯ ದಿನ ಬಿಡುತ್ತಾನೆ. ನಾನೇ ಎರಡು ಸಲ ಬಿಟ್ಟಿದ್ದೇನೆ. ಅದಕ್ಕಾಗಿ ಸಂಘದಿಂದ ನಾನು ಕೇಳುವುದು ಎರಡೇ. ಒಂದು, ವಾರದಲ್ಲಿ ಮೂರು ಪೀರಿಯಡ್ಡನ್ನು ವೇಳಾಪಟ್ಟಿಯಲ್ಲಿ ಬರೆಯಬೇಕು, ಪರೀಕ್ಷೆ ಹತ್ತಿರ ಬಂತೆಂದು ಅಳಿಸಬಾರದು. ಎರಡು, ಭಾನುವಾರ ಬಂದು ಕೂರುವ ನಮ್ಮ ಉಸ್ತಾದರಿಗೆ ಸಣ್ಣ ಗೌರವಧನ ಕೊಡಬೇಕು. ಇದನ್ನು ಅವರು ಕೇಳಿಲ್ಲ. ಈಗ ಹಿಂದಿನ ಸಾಲಿನಲ್ಲಿ ಕೂತು ತಲೆ ತಗ್ಗಿಸಿದ್ದಾರೆ.

ಚರ್ಚೆಯಲ್ಲಿ ಏನು ತೀರ್ಮಾನವಾದರೂ ಈ ಭಾನುವಾರ ಫಜರ್ ನಮಾಜಿನ ನಂತರ ಅಂಗಳ ತೆರೆದಿರುತ್ತದೆ. ಹೆಣ್ಣುಮಕ್ಕಳಿಗೆ ಹತ್ತು ಗಂಟೆಗೆ, ಒಳ ಅಂಗಳದಲ್ಲಿ, ಶಿಕ್ಷಕಿಯರ ಜೊತೆ. ಬರುವಾಗ ಎರಡು ಲೀಟರಿನ ಖಾಲಿ ಬಾಟಲಿ ತನ್ನಿ. ಮರಳನ್ನು ಶಾಲೆಯ ಹಿಂದೆ ಒಣಗಲು ಹರಡಿದೆ.